ಜೋಕಿಮ್ ಬಾಪ್ಪು ಮತ್ತು ಪಟ್ಟಿಯಲ್ಲಿಲ್ಲದ ಸಹಿ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಇಲ್ಲದ ಹಾಳೆಯಲ್ಲಿ ಬರೆದರೆ ಸಾಲು ಕೆಳಗೆ ಇಳಿದುಹೋಗುತ್ತದೆ. ಪದಗಳೂ ನನ್ನ ಹತ್ತಿರ ಕಡಿಮೆ. ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವಳು ನಾನು. ನಮ್ಮ ಕಾಪುವಿನ ವಾಚನಾಲಯದ ಕೈಬರಹದ ಪತ್ರಿಕೆಗೆ ಊರಿನ ಒಬ್ಬ ಸಾಧಾರಣ ಮನುಷ್ಯರ ಬಗ್ಗೆ ಬರೆದುಕೊಡು ಎಂದು, ಪತ್ರಿಕೆ ನೋಡಿಕೊಳ್ಳುವ ಮೌರಿಸ್ ಸರ್ ಹೇಳಿದಾಗ ನನ್ನಿಂದ ಆಗುವುದಿಲ್ಲ ಎಂದೆ. "ಗೊತ್ತಿರುವುದನ್ನು ಬರೆ, ಗೊತ್ತಿಲ್ಲದ್ದನ್ನು ಬಿಡು. ಅಷ್ಟು ಮಾಡಿದರೆ ಸಾಕು ಐರಿನ್" ಎಂದರು ಅವರು. ಹಾಗಾಗಿ ಜೋಕಿಮ್ ಬಾಪ್ಪುವಿನ ಬಗ್ಗೆ ಬರೆಯುತ್ತಿದ್ದೇನೆ. ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಅಪ್ಪನ ಸಹೋದರ. ಅವರ ಒಪ್ಪಿಗೆ ಕೇಳಿದ್ದೇನೆ. "ಬರೆ. ಆದರೆ ನನ್ನನ್ನು ತೀರಾ ಒಳ್ಳೆಯವನು ಮಾಡಬೇಡ, ಬಸ್ ಸ್ಟ್ಯಾಂಡಿನವರು ನಗುತ್ತಾರೆ" ಎಂದಿದ್ದಾರೆ. ಜಾಗದ ಸಂಗತಿಯಲ್ಲಿ ಬರುವ ಉಳಿದವರ ಹೆಸರು ಬದಲಿಸಿದ್ದೇನೆ.

ಬಾಪ್ಪು ಜಾಗದ ಬ್ರೋಕರ್. ಅದಕ್ಕೆ ಮೊದಲು ಕಾಪು ಬಸ್ ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್ ಆಗಿದ್ದರು. "ಉಡುಪಿ, ಉಡುಪಿ, ಮಣಿಪಾಲ" ಎಂದು ಕೂಗಿ ಜನರನ್ನು ಹತ್ತಿಸುವುದು, ಹಿಂದಿನ ಬಸ್ಸು ಬರುವ ಮೊದಲು ಮುಂದಿನದ್ದನ್ನು ಹೊರಡಿಸುವುದು ಅವರ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ನಿಂತವರಿಗೆ ಊರಿನ ಎಲ್ಲ ಸಂಗತಿ ಗೊತ್ತಾಗುತ್ತದೆ. ಯಾರು ದೊಡ್ಡ ಪೆಟ್ಟಿಗೆ ಹಿಡಿದು ಗಲ್ಫಿನಿಂದ ಬಂದು ಇಳಿದರು, ಯಾರು ಕೋರ್ಟಿಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದರು, ಎಲ್ಲವೂ. ಎಪ್ಪತ್ತಾರನೇ ಇಸವಿಯಲ್ಲಿ ಬಹರೈನಿನಿಂದ ಬಂದ ಒಬ್ಬರು ಬಸ್ಸಿನಿಂದ ಇಳಿದವರೇ, "ಪೊರ್ಬುಳೆ, ರಸ್ತೆಯ ಹತ್ತಿರ ಎಲ್ಲಿಯಾದರೂ ಜಾಗ ಉಂಟಾ?" ಎಂದು ಕೇಳಿದರಂತೆ. ತುಳು ಮಾತಾಡುವವರು ನಮ್ಮ ಕ್ರಿಸ್ತಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಳೆ ಎಂದು ಕರೆಯುತ್ತಾರೆ. ಬಾಪ್ಪು ಜಾಗ ತೋರಿಸಿದರು, ವ್ಯಾಪಾರ ಆಯಿತು. ಆ ಮನುಷ್ಯರು ಒಂದು ಟಾರ್ಚನ್ನೂ ಒಂದು ಶರ್ಟಿನ ಬಟ್ಟೆಯನ್ನೂ ಕೊಟ್ಟರು. ಅದು ಅವರ ಮೊದಲ ಕಮಿಷನ್. ಟಾರ್ಚಿಗೆ ಮೂರು ಸೆಲ್ ಬೇಕಾಗಿತ್ತು, ಸೆಲ್ ಕೊಳ್ಳಲು ಬಾಪ್ಪುವಿನ ಹತ್ತಿರ ದುಡ್ಡಿರಲಿಲ್ಲ ಎಂದು ಅಮ್ಮ ಈಗಲೂ ಹೇಳಿ ನಗುತ್ತಾರೆ.

ಆಮೇಲೆ ಕ್ರಮ ಬಂತು. ಮಾರುವವರಿಂದ ನೂರಕ್ಕೆ ಎರಡು ರೂಪಾಯಿ, ಕೊಳ್ಳುವವರಿಂದ ನೂರಕ್ಕೆ ಎರಡು. ಅದು ಕೂಡ ರಿಜಿಸ್ಟ್ರಿ ಆದ ದಿನ ಮಾತ್ರ. ರಿಜಿಸ್ಟ್ರಿ ಆಗದಿದ್ದರೆ ಹತ್ತು ಸಲ ತಿರುಗಿದ ಬಸ್ ಚಾರ್ಜೂ ಸಿಗುವುದಿಲ್ಲ. ಬಾಪ್ಪು ಕಮಿಷನನ್ನು ಬಾಯಿ ಬಿಟ್ಟು ಕೇಳುವುದಿಲ್ಲ. ಸಹಿ ಎಲ್ಲ ಮುಗಿದು, ಎದುರಿನ ಹೋಟೆಲಿನಲ್ಲಿ ಎಲ್ಲರೂ ಬನ್ಸ್ ತಿಂದು ಕಾಫಿ ಕುಡಿದ ಮೇಲೆ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. ಅಷ್ಟಕ್ಕೆ ಜನ ಅರ್ಥ ಮಾಡಿಕೊಂಡು ಜೇಬಿಗೆ ಕೈ ಹಾಕುತ್ತಾರೆ.

ಜಾಗ ತೋರಿಸುವುದರಲ್ಲಿ ಅವರು ತುಂಬಾ ಕಟ್ಟುನಿಟ್ಟು. ಬಾವಿಯನ್ನು ಮೇ ತಿಂಗಳಲ್ಲಿ ನೋಡದೆ ಯಾರಿಗೂ ಮುಂಗಡ ಕೊಡಲು ಬಿಡುವುದಿಲ್ಲ. ಪಕ್ಕದ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕೊಳ್ಳುವವರಿಗೆ ಕುಡಿಸುತ್ತಾರೆ. ನಮ್ಮ ಕಡಲ ಬದಿಯಲ್ಲಿ ನೀರು ಉಪ್ಪಾದರೆ ಮತ್ತೆ ಅಲ್ಲಿ ಮನೆ ಕಟ್ಟಿ ಪ್ರಯೋಜನ ಇಲ್ಲ. ಇನ್ನೊಂದು ಕ್ರಮ ಬಾಯಿಯದ್ದು. "ನಾನು ಮದುವೆಯ ರಾಯಭಾರಿ ಇದ್ದ ಹಾಗೆ ಬಾಯೆ. ಎರಡೂ ಮನೆಯಲ್ಲಿ ಊಟ ಮಾಡಬೇಕು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ತೆಗೆದುಕೊಂಡು ಹೋಗಬಾರದು" ಎನ್ನುತ್ತಾರೆ. ಬಾಯೆ ಎಂದು ಕರೆಯುವುದು ನನ್ನನ್ನು. ಮಾರುವವರು ಕೊನೆಗೆ ಎಷ್ಟಕ್ಕೆ ಇಳಿಯುತ್ತಾರೆ ಎಂದು ಬಾಪ್ಪುವಿಗೆ ಗೊತ್ತಿರುತ್ತದೆ. ಕೊಳ್ಳುವವರು ಎಷ್ಟಕ್ಕೆ ಏರುತ್ತಾರೆ ಎಂದೂ ಗೊತ್ತಿರುತ್ತದೆ. ಎರಡನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಮನೆಗೆ ಬಂದು ಗಂಜಿ ಉಣ್ಣುತ್ತಾರೆ. ಹೀಗೆ ಎರಡೂ ಕಡೆಯವರಾಗಿರುವುದು ಹೇಗೆ ಸಾಧ್ಯ ಎಂದು ನಾನು ಮೊದಮೊದಲು ಯೋಚಿಸುತ್ತಿದ್ದೆ. ಅವರನ್ನೇ ಕೇಳಲು ಧೈರ್ಯ ಇರಲಿಲ್ಲ.

ಎಂಬತ್ತೆರಡರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂತು. ದಪ್ಪ ಅಕ್ಷರ ಬಿಟ್ಟು ಬೇರೆ ಏನೂ ಓದಲು ಆಗುತ್ತಿರಲಿಲ್ಲ. ನಾನು ಶಾಲೆ ಬಿಟ್ಟು ಮನೆಯಲ್ಲಿದ್ದೆ. ಅವರ ಕಾಗದ ಓದಿ ಹೇಳುವುದು, ಕರಾರಿನ ಕರಡು ಬರೆಯುವುದು, ಸಹಿ ಹಾಕಬೇಕಾದವರ ಪಟ್ಟಿ ಮಾಡುವುದು ನನ್ನ ಕೆಲಸವಾಯಿತು. ನಾನು ನಿಧಾನ, ಆದರೆ ಎರಡೆರಡು ಸಲ ನೋಡುತ್ತೇನೆ. ಎರಡು ಸಲ ನೋಡಿದರೂ ಆದ ತಪ್ಪನ್ನು ಈಗ ಬರೆಯಬೇಕು.

ಎಂಬತ್ತಮೂರರ ಏಪ್ರಿಲ್‌ನಲ್ಲಿ ಕುವೈಟಿನಿಂದ ಮೇಬಲ್ ಎಂಬವರು ರಜೆಯಲ್ಲಿ ಬಂದರು. ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿರಲಿಲ್ಲ. ತಾಯಿಗೆ ಪಾರ್ಶ್ವವಾಯು. ತಾಯಿಯನ್ನು ಇಟ್ಟುಕೊಳ್ಳಲು ಮಣಿಪಾಲದ ಆಸ್ಪತ್ರೆಯ ಹತ್ತಿರ ಒಂದು ಸಣ್ಣ ಮನೆ ಕಟ್ಟಬೇಕು ಎಂಬುದು ಅವರ ಆಸೆ. ಬಾಪ್ಪು ಅವರಿಗೆ ಮಣಿಪಾಲದಿಂದ ಪರ್ಕಳಕ್ಕೆ ಹೋಗುವ ದಾರಿಯಲ್ಲಿ ಹನ್ನೆರಡು ಸೆಂಟ್ಸ್ ಜಾಗ ತೋರಿಸಿದರು. ಜಾಗ ದೇವದಾಸ ಎಂಬವರದ್ದು. ಅವರ ಮನೆ ಕಾಪುವಿನಲ್ಲೇ, ಮೀನಿನ ವ್ಯಾಪಾರ. ಬಾವಿ ನೋಡಿದ್ದಾಯಿತು, ನೀರು ಕುಡಿದಾಯಿತು. ಮೂವತ್ತು ಸಾವಿರಕ್ಕೆ ಮಾತು ನಿಂತಿತು. ಮೇಬಲ್ ಹತ್ತು ಸಾವಿರ ಮುಂಗಡ ಕೊಟ್ಟರು. ದೇವದಾಸಣ್ಣ ಅದೇ ವಾರ ಅದನ್ನು ಮಲ್ಪೆಯ ಒಂದು ಬೋಟಿನ ಪಾಲಿಗೆ ಹಾಕಿದರು. ಮೇ ತಿಂಗಳ ಕೊನೆಯ ಗುರುವಾರ ರಿಜಿಸ್ಟ್ರಿ ಎಂದು ನಿಶ್ಚಯವಾಯಿತು. ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಮೇಬಲ್ ಉಡುಪಿಯಿಂದ ಬೊಂಬಾಯಿಯ ಬಸ್ ಹತ್ತಬೇಕು, ಅಲ್ಲಿಂದ ವಿಮಾನ. ಇನ್ನು ಅವರು ಬರುವುದು ಎರಡು ವರ್ಷದ ಮೇಲೆ.

ಮಂಗಳವಾರ ಬೆಳಿಗ್ಗೆ ನಾನೂ ಬಾಪ್ಪುವೂ ಉಡುಪಿಗೆ ಹೋಗಿ ಚಂದು ಮಾಸ್ಟ್ರಿಗೆ ಕಾಗದ ಕೊಟ್ಟೆವು. ಚಂದು ಮಾಸ್ಟ್ರು ಶಾಲೆಯಿಂದ ನಿವೃತ್ತರಾಗಿ ಕ್ರಯಪತ್ರ ಬರೆಯುವ ಕೆಲಸ ಮಾಡುತ್ತಾರೆ. ನನ್ನ ಪಟ್ಟಿ ನೋಡಿ ಹುಬ್ಬು ಏರಿಸಿದರು.

"ಪೊರ್ಬುಳೆ, ಪಟ್ಟಿ ಚಂದ ಉಂಟು. ಆದರೆ ದೇವದಾಸನ ಹೆಂಡತಿಯ ಸಹಿ ಎಂತಕ್ಕೆ? ಇಬ್ಬರು ಗಂಡುಮಕ್ಕಳದ್ದು ಎಂತಕ್ಕೆ?"

"ಇರಲಿ ಅಂತ. ನಾಳೆ ಯಾರೂ ತಕರಾರು ಮಾಡಬಾರದಲ್ಲ" ಎಂದರು ಬಾಪ್ಪು.

"ಜಾಗ ದೇವದಾಸನಿಗೆ ಎಲ್ಲಿಂದ ಬಂತು?"

"ತಾಯಿಯಿಂದ."

"ತಾಯಿಗೆ ಇವನೊಬ್ಬನೇ ಮಗನಾ?"

ಬಸ್ ಸ್ಟ್ಯಾಂಡಿನ ಕಾಲದಿಂದ ಬಾಪ್ಪುವಿಗೆ ಅದು ಗೊತ್ತಿತ್ತು. "ಕಾರ್ಕಳದಲ್ಲಿ ಒಬ್ಬಳು ತಂಗಿ ಉಂಟು. ಮದುವೆಯಾಗಿ ಹೋಗಿದ್ದಾಳೆ."

ಚಂದು ಮಾಸ್ಟ್ರು ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೂ ನಕ್ಕರು. "ಮದುವೆಯಾದ ಮೇಲೆ ಹೋಗುವುದು ನಿಮ್ಮಲ್ಲಿ ಮಾರಾಯ್ರೆ. ಅವರದ್ದು ಅಳಿಯಕಟ್ಟು. ತಾಯಿಯ ಮನೆತನ ಮುಂದುವರಿಯುವುದೇ ಹೆಣ್ಣಿನಿಂದ. ಬೇಡದ ಮೂರು ಸಹಿ ಉಂಟು, ಬೇಕಾದ ಒಂದೇ ಒಂದು ಇಲ್ಲ! ಇಷ್ಟು ವರ್ಷ ಬ್ರೋಕರಿಕೆ ಮಾಡಿ ಎಂತ ಕಲಿತಿರಿ?"

ನಮ್ಮಲ್ಲಿ ಹೆಣ್ಣುಮಗಳಿಗೆ ಚಿನ್ನ ಹಾಕಿ ಮದುವೆ ಮಾಡಿಕೊಟ್ಟರೆ ಮುಗಿಯಿತು. ಜಾಗದ ಕಾಗದಕ್ಕೆ ಮನೆಯಲ್ಲಿರುವ ಗಂಡಸರು ಸಹಿ ಹಾಕುತ್ತಾರೆ. ನಾನು ನಮ್ಮ ಮನೆಯ ಹಾಗೆಯೇ ಎಲ್ಲರ ಮನೆ ಎಂದು ಪಟ್ಟಿ ಬರೆದಿದ್ದೆ. ಬಾಪ್ಪುವೂ ಹಾಗೆಯೇ ಕೇಳಿದ್ದರು. ಇದುವರೆಗೆ ಅವರು ಮಾಡಿಸಿದ ಅಳಿಯಕಟ್ಟಿನ ಜಾಗಗಳಲ್ಲಿ ವಕೀಲರು ಇದ್ದರು, ಕಾಗದ ಅವರೇ ನೋಡಿಕೊಂಡಿದ್ದರು. ಈ ಸಲ ಮೇಬಲ್‌ಗೆ ವಕೀಲರ ಖರ್ಚು ಉಳಿಸುವ ಎಂದು ನಾವೇ ನೋಡಿದ್ದು. "ಮನೆಯಲ್ಲಿ ಯಾರು ಯಾರು ಇದ್ದಾರೆ ದೇವದಾಸಣ್ಣ?" ಎಂದು ಬಾಪ್ಪು ಕೇಳಿದ್ದಕ್ಕೆ ಅವರು ಮನೆಯಲ್ಲಿ ಇದ್ದವರನ್ನು ಹೇಳಿದ್ದರು. ಕೇಳದೆ ಇದ್ದದ್ದನ್ನು ಹೇಳಿರಲಿಲ್ಲ.

ಬಾಪ್ಪು ನನ್ನನ್ನೂ ಕರೆದುಕೊಂಡು ಅಲ್ಲಿಂದ ನೇರ ಮೇಬಲ್ ಮನೆಗೆ ಹೋಗಿ ಸಂಗತಿ ಹೇಳಿದರು. ಅವರು ಪೆಟ್ಟಿಗೆ ತುಂಬುತ್ತಿದ್ದರು.

"ನನ್ನಿಂದ ತಪ್ಪಾಯಿತು ಮೇಬಲ್. ಇನ್ನೂ ಎರಡು ದಿನ ಉಂಟು."

"ರಿಜಿಸ್ಟ್ರಿ ಆಗದಿದ್ದರೆ ಹತ್ತು ಸಾವಿರ ವಾಪಸ್ ಸಿಗುತ್ತದಾ ಜೋಕಿಮ್ ಆಬ್?" ಆಬ್ ಎಂದು ನಮ್ಮಲ್ಲಿ ಹಿರಿಯರನ್ನು ಕರೆಯುತ್ತಾರೆ.

"ಅದು ಬೋಟಿಗೆ ಹೋಗಿದೆ."

"ಉಳಿದ ಇಪ್ಪತ್ತು ಯಾರ ಕೈಯಲ್ಲಿ ಬಿಟ್ಟು ಹೋಗಲಿ? ಅಣ್ಣಂದಿರ ಕೈಯಲ್ಲಿ ಬಿಟ್ಟರೆ ಜಾಗ ಅವರ ಹೆಸರಿಗೆ ಆಗುತ್ತದೆ." ಮೇಬಲ್ ದನಿ ಏರಿಸಲಿಲ್ಲ. "ಆರು ವರ್ಷ ಬೇರೆಯವರ ಬೆಡ್‌ಪ್ಯಾನ್ ತೊಳೆದ ದುಡ್ಡು ಆಬ್ ಇದು. ನಿಮಗೂ ಅದು ಗೊತ್ತಿರಬೇಕು ಅಂತ ಹೇಳಿದೆ, ಬೇರೆ ಎಂತ ಇಲ್ಲ."

ಬಾಪ್ಪುವೂ ನಾನೂ ಬಸ್ಸಿನಲ್ಲಿ ಮನೆಗೆ ಬಂದೆವು. ಪಟ್ಟಿ ಬರೆದದ್ದು ನಾನು ಎಂದು ನನ್ನನ್ನು ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ಸಂಜೆ ದೇವದಾಸಣ್ಣನ ಮನೆಗೆ ಹೋದೆವು. ಅವರು ಆಗ ತಾನೇ ಮಿಂದು ಜಗಲಿಯಲ್ಲಿ ಕೂತಿದ್ದರು. ಸಂಗತಿ ಕೇಳಿ ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ.

"ಅಷ್ಟೇ ಅಲ್ವಾ? ಸುಗಂಧಿ ನಾನು ಹೇಳಿದಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ನೀವೇ ನಾಳೆ ಕಾರ್ಕಳಕ್ಕೆ ಹೋಗಿ ಹೇಳಿ ಬನ್ನಿ ಪೊರ್ಬುಳೆ. ಜಾಗ ಹನ್ನೆರಡು ಸಾವಿರಕ್ಕೆ ಹೋಯಿತು ಅಂತ ಹೇಳಿ. ಅವಳಿಗೆ ಮೂರು ಸಾವಿರ ಕೊಡುವ."

"ಕರಾರಿನಲ್ಲಿ ಮೂವತ್ತು ಉಂಟಲ್ಲ ದೇವದಾಸಣ್ಣ."

"ಅವಳು ಓದುತ್ತಾಳಾ? ಬೀಡಿಯ ಲೇಬಲ್ಲನ್ನೇ ಬಣ್ಣ ನೋಡಿ ಹಚ್ಚುವವಳು." ಅವರು ಬಾಪ್ಪುವಿನ ಕಡೆಗೆ ಬಾಗಿದರು. "ನಿಮಗೆ ಆರುನೂರು ಕೊಡಲಿಕ್ಕೆ ಉಂಟಲ್ಲ, ಅದನ್ನು ಸಾವಿರದ ನೂರು ಮಾಡುತ್ತೇನೆ. ನೀವು ನನ್ನ ಬ್ರೋಕರ್ ಅಲ್ವಾ?"

ಬಾಪ್ಪು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು.

ದೇವದಾಸಣ್ಣ ನಕ್ಕು, "ಹಾಂ, ಹಾಗೆ" ಎಂದು ಎದ್ದು ಒಳಗೆ ಹೋದರು. ಅವರ ಲೆಕ್ಕದಲ್ಲಿ ಮಾತು ಮುಗಿದಿತ್ತು. ನನಗೂ ಹಾಗೆಯೇ ಅನಿಸಿತು. ದಾರಿಯಲ್ಲಿ ಕೇಳಬೇಕು ಎಂದು ಮೂರು ಸಲ ಬಾಯಿ ತೆರೆದೆ. "ಸಾವಿರದ ನೂರರಲ್ಲಿ ಕಣ್ಣಿನ ಆಪರೇಷನ್ ಆಗುತ್ತದೆ, ಅಲ್ವಾ ಬಾಯೆ?" ಎಂದು ಅವರೇ ಒಮ್ಮೆ ಹೇಳಿದರು. ಅದು ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಪ್ಪು ಸುಳ್ಳು ಹೇಳಿದರೆ ಸುಗಂಧಿಯಕ್ಕನಿಗೆ ಮೋಸ. ಸತ್ಯ ಹೇಳಿದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಿದ ಹಾಗಾಯಿತು, ದೇವದಾಸಣ್ಣ ಸಿಟ್ಟಾಗಿ ಗುರುವಾರ ಬಾರದೆ ಕೂತರೆ ಮೇಬಲ್‌ದು ಎಲ್ಲ ಹೋಯಿತು. ಯಾವ ಕಡೆಯಿಂದ ನೋಡಿದರೂ ಒಬ್ಬರು ಮುಳುಗುತ್ತಿದ್ದರು.

ಬುಧವಾರ ಪಡುಬಿದ್ರಿಯಲ್ಲಿ ಬಸ್ ಬದಲಿಸಿ, ಬೆಳ್ಮಣ್ಣು, ನಿಟ್ಟೆ ದಾರಿಯಾಗಿ ಕಾರ್ಕಳಕ್ಕೆ ಹೋದೆವು. ಸುಗಂಧಿಯಕ್ಕನ ಮನೆ ಪೇಟೆಯಿಂದ ಅರ್ಧ ಮೈಲು ಒಳಗೆ. ಅವರು ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಬಾಪ್ಪು ತಾವು ಯಾರು ಎಂದು ಹೇಳಿದರು, ಮಣಿಪಾಲದ ಹತ್ತಿರದ ಜಾಗ ಮಾರುವ ವಿಷಯ ಹೇಳಿದರು. ಸುಗಂಧಿಯಕ್ಕ ಕೈ ನಿಲ್ಲಿಸಲಿಲ್ಲ.

"ನೀವು ಯಾರ ಕಡೆಯವರು?"

"ನಾನು ಬ್ರೋಕರ್. ಮಾರುವವರಿಂದಲೂ ತೆಗೆದುಕೊಳ್ಳುತ್ತೇನೆ, ಕೊಳ್ಳುವವರಿಂದಲೂ ತೆಗೆದುಕೊಳ್ಳುತ್ತೇನೆ."

"ಹಾಗಾದರೆ ನನ್ನ ಕಡೆ ಯಾರು?"

"ನೀವೂ ಮಾರುವವರೇ ಅಲ್ವಾ ಸುಗಂಧಿಯಕ್ಕ."

"ಓಹೋ. ನಾನು ಜಾಗ ಮಾರುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲವಲ್ಲ ಪೊರ್ಬುಳೆ!" ಅವರು ಒಂದು ಎಲೆ ಕತ್ತರಿಸಿ ಹೊಗೆಸೊಪ್ಪು ಹಾಕಿ ಸುತ್ತಿದರು. "ಎಷ್ಟಕ್ಕೆ?"

ಬಾಪ್ಪುವಿನ ಕೈ ಕನ್ನಡಕದ ಹತ್ತಿರ ಹೋಯಿತು. ನಾನು ನೆಲ ನೋಡಿದೆ. ಅವರು ಕನ್ನಡಕ ತೆಗೆಯಲಿಲ್ಲ, ಮೂಗಿನ ಮೇಲೆ ಸರಿ ಮಾಡಿಕೊಂಡರು ಅಷ್ಟೆ.

"ಅದನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಅದು ನನ್ನ ಕ್ರಮ ಅಲ್ಲ. ಆದರೆ ಸಹಿ ಹಾಕುವವರು ಕಾಗದ ಕೇಳಿಸಿಕೊಳ್ಳದೆ ಸಹಿ ಹಾಕುವುದೂ ನನ್ನ ಕ್ರಮ ಅಲ್ಲ. ಬಾಯೆ, ಕರಾರು ತೆಗೆ. ಮೇಲಿನಿಂದ ಕೆಳಗಿನವರೆಗೆ ಓದು."

ಶಾಲೆಯಲ್ಲಿ ಪಾಠ ಗಟ್ಟಿಯಾಗಿ ಓದು ಎಂದರೆ ನನ್ನ ದನಿ ಇಳಿದುಹೋಗುತ್ತಿತ್ತು, ಮಕ್ಕಳು ನಗುತ್ತಿದ್ದರು. ಶಾಲೆ ಬಿಡಲು ಅದೂ ಒಂದು ಕಾರಣ. ಆ ಜಗಲಿಯಲ್ಲಿಯೂ ದನಿ ಹೊರಗೆ ಬರಲಿಲ್ಲ. "ಗಟ್ಟಿಯಾಗಿ ಓದು ಮಗಾ, ಬೀಡಿ ಕಟ್ಟುವವರ ಕಿವಿ ಮಂದ" ಎಂದರು ಸುಗಂಧಿಯಕ್ಕ. ನಾನು ಮತ್ತೆ ಮೊದಲಿನಿಂದ ಓದಿದೆ. ಸರ್ವೆ ನಂಬರ್ ಓದಿದೆ, ನಾಲ್ಕು ದಿಕ್ಕಿನ ಗಡಿ ಓದಿದೆ. ಆಮೇಲೆ "ಒಟ್ಟು ಕ್ರಯ ರೂಪಾಯಿ ಮೂವತ್ತು ಸಾವಿರ" ಎಂದು ಓದಿದೆ.

"ಇನ್ನೊಮ್ಮೆ" ಎಂದರು.

ಇನ್ನೊಮ್ಮೆ ಓದಿದೆ.

ಸುಗಂಧಿಯಕ್ಕ ಬೀಡಿ ಕಟ್ಟುತ್ತಲೇ ಹೋದರು. ಇಪ್ಪತ್ತೈದು ಆಗುವವರೆಗೆ ಕಟ್ಟಿ, ಎಣಿಸಿ, ನೂಲು ಸುತ್ತಿ ಪಕ್ಕಕ್ಕೆ ಇಟ್ಟರು. ಬಸ್ ಬಿಟ್ಟುಹೋಗುವ ಹೊತ್ತಾಗಿತ್ತು. ಬಾಪ್ಪು ಕದಲಲಿಲ್ಲ.

"ಅಣ್ಣ ದೀಪಾವಳಿಗೆ ಬಂದಿದ್ದ" ಎಂದರು ಕೊನೆಗೆ. "ಸೀರೆ ತಂದಿದ್ದ. ಊಟ ಮಾಡಿ ಹೋದ. ಜಾಗದ ಮಾತು ಅವನ ಬಾಯಲ್ಲಿ ಬರಲಿಲ್ಲ." ಆಮೇಲೆ ಕೇಳಿದರು, "ಕೊಳ್ಳುವವರು ಯಾರು?"

ಬಾಪ್ಪು ಮೇಬಲ್ ಬಗ್ಗೆ ಹೇಳಿದರು. ಗುರುವಾರ ಮೂರು ಗಂಟೆಯ ಬಸ್ಸಿನ ವಿಷಯವನ್ನೂ ಹೇಳಿದರು.

"ಪಾಪ, ಅವರದ್ದೆಂತ ತಪ್ಪು. ಆದರೆ ನಾನು ಬರುತ್ತೇನೆ ಅಂತ ಈಗ ಹೇಳುವುದಿಲ್ಲ. ಮನೆಯವರು ರೈಸ್ ಮಿಲ್ಲಿನಿಂದ ಬರಲಿ, ಕೇಳುತ್ತೇನೆ. ಬಂದರೆ ಹದಿನೈದು ಸಾವಿರ ನನ್ನ ಕೈಗೆ ಬೀಳಬೇಕು, ಹೆಬ್ಬೆಟ್ಟು ಒತ್ತುವ ಮೊದಲು. ಅಣ್ಣನಿಗೆ ಹೋಗಿ ಹೇಳಿ. ಇದನ್ನಾದರೂ ಬಾಯಲ್ಲಿ ಹೇಳುತ್ತೀರಾ, ಇದಕ್ಕೂ ಕಾಗದ ಬೇಕಾ?"

ಬಾಪ್ಪು ಆ ದಿನ ಮೊದಲ ಸಲ ನಕ್ಕರು.

ಆ ನಗು ಕಾಪುವಿನವರೆಗೆ ಉಳಿಯಲಿಲ್ಲ. ದೇವದಾಸಣ್ಣ ಮಾತು ಕೇಳಿ ಜಗಲಿಯಿಂದ ಕೆಳಗೆ ಇಳಿದು ಬಂದರು.

"ನೀವು ಕನ್ನಡಕ ಒರೆಸಿದಿರಿ! ಒಪ್ಪಿದಿರಿ ಅಂತ ನಾನು ತಿಳಿದೆ!"

"ನಿನ್ನೆ ಧೂಳಿತ್ತು ದೇವದಾಸಣ್ಣ. ಎಂತ ಹೇಳಬೇಕು ಅಂತ ಗೊತ್ತಾಗಲಿಲ್ಲ, ಅದಕ್ಕೆ ಒರೆಸಿದೆ. ಅದು ನನ್ನ ತಪ್ಪು. ಬಾಯಲ್ಲಿ 'ಆಗುವುದಿಲ್ಲ' ಅನ್ನಬೇಕಿತ್ತು."

"ನೀವು ಯಾರ ಬ್ರೋಕರ್ ಹೇಳಿ? ನನ್ನ ಜಾಗ, ನನ್ನ ಕಮಿಷನ್, ಕೆಲಸ ಮಾಡಿದ್ದು ಅವಳದ್ದಾ? ನಾಳೆ ನಾನು ಬಾರದಿದ್ದರೆ ಎಂತ ಮಾಡುತ್ತೀರಿ?"

"ನಾನು ಎಂತ ಮಾಡಲಿ? ಮೇಬಲ್ ಕೋರ್ಟಿಗೆ ಹೋಗಬೇಕು. ನಿಮ್ಮ ತಂಗಿಯೂ ಹೋಗಬೇಕು. ನೀವೂ ಬರಬೇಕು. ಐದಾರು ವರ್ಷ ಮೂವರೂ ಒಂದೇ ಬಸ್ಸಿನಲ್ಲಿ ಉಡುಪಿಗೆ ಹೋಗಬಹುದು. ನಾನು ಹತ್ತಿಸುತ್ತೇನೆ."

ಅವರು ತುಂಬಾ ಹೊತ್ತು ಬೈದರು. ಅದನ್ನೆಲ್ಲ ಬರೆಯುವುದಿಲ್ಲ. ಕೊನೆಗೆ, "ನನ್ನಿಂದ ನಿಮಗೆ ಒಂದು ಪೈಸೆ ಇಲ್ಲ. ಹಾಗೆ ಬರೆದುಕೊಡಿ, ಆಮೇಲೆ ಬರುವುದೋ ಬೇಡವೋ ನೋಡುತ್ತೇನೆ" ಎಂದರು. "ಬರೆ ಬಾಯೆ" ಎಂದರು ಬಾಪ್ಪು. ದೇವದಾಸ ಇವರಿಂದ ನನಗೆ ಯಾವ ಕಮಿಷನೂ ಬರಲಿಕ್ಕಿಲ್ಲ ಎಂದು ನಾನು ಬರೆದೆ, ಬಾಪ್ಪು ಸಹಿ ಹಾಕಿದರು. ಕಣ್ಣು ಕಾಣದ್ದರಿಂದ ಸಹಿ ನನ್ನ ಸಾಲಿನ ಮೇಲೆಯೇ ಬಿತ್ತು. ದೇವದಾಸಣ್ಣ ಕಾಗದ ಮಡಚಿ ಜೇಬಿಗೆ ಹಾಕಿ ಬಾಗಿಲು ಹಾಕಿಕೊಂಡರು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನಾವು ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಇದ್ದೆವು. ಮೇಬಲ್ ನಮಗಿಂತ ಮೊದಲೇ ಬಂದಿದ್ದರು. ಕಾಲ ಬಳಿ ಪೆಟ್ಟಿಗೆ, ಮಡಿಲಲ್ಲಿ ಕೈಚೀಲ. ಚೀಲದ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲು ಕಾಗದ ಒಳಗೆ ಹೋಗಬೇಕು, ಆಮೇಲೆ ಇವತ್ತು ಆಗುವುದಿಲ್ಲ ಎಂದು ಚಂದು ಮಾಸ್ಟ್ರು ಹೇಳಿದರು. ಅವರು ಸುಗಂಧಿಯಕ್ಕನ ಹೆಸರು ಸೇರಿಸಿ ಹೊಸ ಕ್ರಯಪತ್ರ ಬರೆದು ಇಟ್ಟಿದ್ದರು.

ಹತ್ತು ಗಂಟೆ ಆಯಿತು. ಹತ್ತೂವರೆ ಆಯಿತು. ಕಾರ್ಕಳದ ಕಡೆಯಿಂದ ಬಂದ ಎರಡು ಬಸ್ಸಿನವರು ನಮ್ಮ ಮುಂದೆಯೇ ನಡೆದು ಹೋದರು, ಅವರಲ್ಲಿ ಸುಗಂಧಿಯಕ್ಕ ಇರಲಿಲ್ಲ. ಬಾಪ್ಪುವಿಗೆ ದೂರ ಕಾಣುವುದಿಲ್ಲ. "ಹಸಿರು ಸೀರೆ ಯಾರು? ಛತ್ರಿ ಹಿಡಿದವರು ಯಾರು?" ಎಂದು ನನ್ನನ್ನು ಕೇಳುತ್ತಲೇ ಇದ್ದರು. ಅಲ್ಲ, ಅಲ್ಲ ಎಂದು ಹೇಳಿ ಹೇಳಿ ನನಗೆ ಅಳು ಬಂತು. ಮೇಬಲ್ ಗಡಿಯಾರವನ್ನೂ ನೋಡಲಿಲ್ಲ.

ಹನ್ನೊಂದೂಕಾಲಕ್ಕೆ ಸುಗಂಧಿಯಕ್ಕ ಗಂಡನ ಜೊತೆ ಬಂದರು. "ಬೀಡಿ ಒಪ್ಪಿಸಿ ಬರಬೇಕಾಯಿತು. ಗುರುವಾರ ಬಿಟ್ಟರೆ ಈ ವಾರದ ದುಡ್ಡು ಇಲ್ಲ" ಎಂದರು. ಮೇಬಲ್ ಎದ್ದು ನಿಂತು ಅವರಿಗೆ ಬೆಂಚಿನಲ್ಲಿ ಜಾಗ ಕೊಟ್ಟರು. ಇಬ್ಬರೂ ಪಕ್ಕಪಕ್ಕ ಕೂತರು.

ಈಗ ದೇವದಾಸಣ್ಣ ಬರಬೇಕಿತ್ತು. ಹನ್ನೆರಡು ದಾಟಿತು. ಬಾಪ್ಪು ಗೇಟಿನ ತನಕ ಹೋಗುವುದು, ತಿರುಗಿ ಬರುವುದು. ಒಮ್ಮೆ ಸುಮ್ಮನೆ ಗೇಟಿನ ಕಂಬ ಹಿಡಿದು ನಿಂತರು. ಪ್ರಾರ್ಥನೆ ಹೇಳುವ ಹಾಗೆ ಅವರ ತುಟಿ ಅಲ್ಲಾಡುತ್ತಿತ್ತು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ, ಆ ಪಟ್ಟಿ ಬರೆಯುವಾಗ ಒಂದು ಪ್ರಶ್ನೆ, ಒಂದೇ ಒಂದು ಪ್ರಶ್ನೆ ಹೆಚ್ಚು ಕೇಳಿದ್ದರೆ ಇಷ್ಟು ಜನ ಇಲ್ಲಿ ಹೀಗೆ ಕೂರಬೇಕಾಗಿರಲಿಲ್ಲ.

ಹನ್ನೆರಡು ನಲವತ್ತಕ್ಕೆ ಯಾರದ್ದೋ ಸ್ಕೂಟರಿನ ಹಿಂದೆ ಕೂತು ದೇವದಾಸಣ್ಣ ಬಂದರು. ಬಾಪ್ಪುವನ್ನು ನೋಡಲಿಲ್ಲ. "ಎಲ್ಲಿ ಸಹಿ?" ಎಂದು ಚಂದು ಮಾಸ್ಟ್ರನ್ನು ಕೇಳಿದರು. ಮೇಬಲ್ ಚೀಲ ತೆರೆದು ಹದಿನೈದು ಸಾವಿರವನ್ನು ಸುಗಂಧಿಯಕ್ಕನ ಗಂಡನ ಮುಂದೆ, ಸುಗಂಧಿಯಕ್ಕನ ಕೈಗೇ ಕೊಟ್ಟರು. ಐದು ಸಾವಿರ ದೇವದಾಸಣ್ಣನಿಗೆ. ಕಾಗದ ಒಳಗೆ ಹೋಯಿತು. ಗುಮಾಸ್ತರು ಹೆಸರು ಕರೆದರು. ಸುಗಂಧಿಯಕ್ಕ ಹೆಬ್ಬೆಟ್ಟಿನ ಶಾಯಿಯನ್ನು ಗೋಡೆಗೆ ಒರೆಸಿದರು, ಅಲ್ಲಿ ಮೊದಲೇ ನೂರಾರು ಬೆರಳಿನ ಗುರುತು ಇತ್ತು.

ಹೊರಗೆ ಬರುವಾಗ ದೇವದಾಸಣ್ಣ ತಂಗಿಯ ಹತ್ತಿರ ಒಂದೇ ಮಾತು ಆಡಿದರು. "ಮಗಳಿಗೆ ಶಾಲೆ ಯಾವಾಗ ಶುರು?"

"ಒಂದನೇ ತಾರೀಕಿಗೆ" ಎಂದರು ಸುಗಂಧಿಯಕ್ಕ.

ಅವರು ತಲೆ ಅಲ್ಲಾಡಿಸಿ ಸ್ಕೂಟರ್ ಹತ್ತಿ ಹೋದರು.

ಮೇಬಲ್ ಬಾಪ್ಪುವಿಗೆ ಆರುನೂರು ರೂಪಾಯಿ ಕೊಟ್ಟರು. ಬಾಪ್ಪು ಮುನ್ನೂರು ಎಣಿಸಿ ವಾಪಸ್ ಕೊಟ್ಟರು. "ಇದು ಬಾವಿ ನೋಡಿದ್ದಕ್ಕೆ, ತಿರುಗಿದ್ದಕ್ಕೆ. ಕಾಗದ ನೋಡಿದ್ದಕ್ಕೆ ನಾನು ತೆಗೆದುಕೊಳ್ಳಲಾರೆ. ಕಾಗದ ನೋಡಿದ್ದು ಚಂದು ಮಾಸ್ಟ್ರು." ಸುಗಂಧಿಯಕ್ಕ ಸೆರಗಿನ ಗಂಟು ಬಿಚ್ಚಲು ಹೋದರು. "ನಿಮ್ಮದು ಬೇಡ. ನಿಮ್ಮ ಹೆಸರನ್ನೇ ಬಿಟ್ಟವರು ನಾವು" ಎಂದರು ಬಾಪ್ಪು. ಮೂರು ಗಂಟೆಗೆ ಮೇಬಲ್ ಬಸ್ ಹತ್ತಿದರು. ಕಾಗದದ ರಶೀದಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು, ಚೀಲಕ್ಕೆ ಹಾಕಿರಲಿಲ್ಲ.

ಇಲ್ಲಿಗೆ ಮುಗಿಸಿದರೆ ಬಾಪ್ಪುವನ್ನು ಒಳ್ಳೆಯವರು ಮಾಡಿದ ಹಾಗಾಗುತ್ತದೆ. ಅದು ಬೇಡ ಎಂದಿದ್ದಾರೆ. ಆಮೇಲೆ ಆದದ್ದನ್ನೂ ಬರೆಯುತ್ತೇನೆ. ದೇವದಾಸಣ್ಣ ಮೀನು ಪೇಟೆಯಲ್ಲಿ, "ಆ ಪೊರ್ಬುವಿಗೆ ಜಾಗ ಕೊಟ್ಟರೆ ನಿಮ್ಮ ಅಜ್ಜಿಯ ಕಾಲದ ಪಾಲುದಾರರನ್ನೂ ಹುಡುಕಿ ತರುತ್ತಾನೆ" ಎಂದು ಹೇಳಿಕೊಂಡು ತಿರುಗಿದರು. ಮಾತಾಗಿದ್ದ ಎರಡು ಜಾಗದವರು ಬೇರೆ ಬ್ರೋಕರನ ಹತ್ತಿರ ಹೋದರು. ನಾಲ್ಕು ತಿಂಗಳು ಒಂದೂ ರಿಜಿಸ್ಟ್ರಿ ಆಗಲಿಲ್ಲ. ಬಾಪ್ಪು ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗಿ ಏಜೆಂಟ್ ಕೆಲಸ ಕೇಳಿದರು. ಬಸ್ಸಿನ ಬೋರ್ಡು ಓದಲು ಆಗದವರಿಗೆ ಆ ಕೆಲಸ ಯಾರು ಕೊಡುತ್ತಾರೆ? ಕಣ್ಣಿನ ಆಪರೇಷನ್ ಇನ್ನೂ ಆಗಿಲ್ಲ. ತಾವು ಮಾಡಿದ್ದು ಸರಿಯಾ ಎಂದು ಅವರಿಗೆ ಈಗಲೂ ಖಚಿತ ಇಲ್ಲ. "ದೇವದಾಸಣ್ಣ ನನ್ನನ್ನು ನಂಬಿ ಜಾಗ ಕೊಟ್ಟಿದ್ದರು, ಅದೂ ಸುಳ್ಳಲ್ಲ ಬಾಯೆ" ಎನ್ನುತ್ತಾರೆ. ಎರಡೂ ಕಡೆಯಿಂದ ಕಮಿಷನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಮೊದಲ ದಿನವೇ, ನಾನು ಇಂಥವರ ಕಡೆಯವನು, ಇಂಥವರಿಂದ ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ಎಲ್ಲರ ಎದುರು ಹೇಳುತ್ತಾರೆ. ಹಾಗೆ ಹೇಳಿದರೆ ಅರ್ಧ ಜನ ಎದ್ದು ಹೋಗುತ್ತಾರೆ.

ಕಳೆದ ವಾರ ಎರ್ಮಾಳಿನಿಂದ ಅಮ್ಮಣ್ಣಿ ಎಂಬವರು ಹೇಳಿ ಕಳುಹಿಸಿದ್ದಾರೆ. ಅಣ್ಣಂದಿರು ಕಡಲ ಬದಿಯ ಜಾಗ ಮಾರುತ್ತಿದ್ದಾರಂತೆ, ತನ್ನ ಕಡೆಯಿಂದ ಮಾತಾಡಲು ಒಬ್ಬರು ಬೇಕಂತೆ, ಕಮಿಷನ್ ತನ್ನ ಪಾಲಿನಿಂದ ಕೊಡುತ್ತಾರಂತೆ. ಇನ್ನೊಂದು ಮನೆಯ ಜಗಳಕ್ಕೆ ಹೋಗಲು ಬಾಪ್ಪುವಿಗೆ ಭಯ. ನನಗೂ ಭಯ ಉಂಟು. ಹೋಗಬೇಡ ಎಂದು ಅವರು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬಸ್ ಚಾರ್ಜಿಗೆ ಎರಡು ರೂಪಾಯಿ ಮೇಜಿನ ಮೇಲೆ ಇಟ್ಟಿದ್ದಾರೆ.

ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ನಾನು ಎರ್ಮಾಳಿಗೆ ಹೋಗಿ, ಆ ಮನೆಯ ಎಲ್ಲರ ಹೆಸರು ಕೇಳಿ ಬರೆದುಕೊಂಡು, ಮಧ್ಯಾಹ್ನದೊಳಗೆ ವಾಪಸ್ ಬರುತ್ತೇನೆ.